ದೇವಮ್ಮನ ಬಾಲವಾಡಿಗೆ ನಾನು ಹಾಕಿದ ರುಜು

ದೇವಮ್ಮ ಏಳನೇ ವಯಸ್ಸಿಗೆ ಶಾಲೆ ಬಿಟ್ಟದ್ದು ಓದು ತಲೆಗೆ ಹತ್ತದೆ ಅಲ್ಲ. ಮನೆಯಲ್ಲಿ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಒಂದು ಸೊಂಟ ಬೇಕಿತ್ತು, ಅಷ್ಟೆ. ತಂದೆ ಕುಕ್ಕಪ್ಪ ಗೌಡರು ಗೇಣಿಗದ್ದೆಯವರು. ಗಂಡಹೆಂಡಿರಿಬ್ಬರೂ ಗದ್ದೆಗೆ ಇಳಿದರೆ ಮಗುವನ್ನು ನೋಡುವವರು ಯಾರು? ತಮ್ಮನಿಗೆ ನಾಲ್ಕು ತುಂಬಿದ ಮೇಲೆ ಹನ್ನೊಂದರ ಹುಡುಗಿ ಮತ್ತೆ ಬಂದು, ತನ್ನ ಭುಜದೆತ್ತರಕ್ಕೂ ಬಾರದ ಮಕ್ಕಳ ನಡುವೆ ಕುಳಿತು, ಎಂಟನೆಯ ತನಕ ಓದಿದಳು. ಎಲ್ಲರೂ ‘ಅಜ್ಜಿ’ ಎಂದು ಅಣಕಿಸುತ್ತಿದ್ದರು. ಕೇಳಿಸಿಯೂ ಕೇಳಿಸದ ಹಾಗೆ ಕೂತಿರುತ್ತಿದ್ದಳಂತೆ.

ಬೆಳ್ಳಾರೆಯಿಂದ ಎರಡು ಮೈಲಿ ಒಳಗಿನ ನಮ್ಮ ಊರಿಗೆ 1958ರಲ್ಲಿ ಬಾಲವಾಡಿ ಬಂತು. ಸರಕಾರದ್ದಲ್ಲ, ಯಾವುದೋ ದೂರದ ಸಂಸ್ಥೆಯ ಹಣ. ಶಾಲೆಗೆ ಸೇರುವ ಮೊದಲೇ ಮಕ್ಕಳಿಗೆ ಕಲಿಸಿದರೆ ಪ್ರಯೋಜನ ಉಂಟೋ ಇಲ್ಲವೋ ಎಂದು ತಿಳಿಯುವ ಸಂಶೋಧನೆಗೆ ಕೊಟ್ಟದ್ದು. ನಾಲ್ಕು ವರ್ಷ ನಡೆಸುವುದು, ಕೊನೆಗೆ ಮಕ್ಕಳನ್ನು ಪರೀಕ್ಷಿಸುವುದು. ಪ್ರಯೋಜನ ಕಂಡರೆ ಹಣ ಮುಂದುವರಿಯುತ್ತದೆ, ಕಾಣದಿದ್ದರೆ ನಿಲ್ಲುತ್ತದೆ. ಊರಿನ ನಫೀಸಮ್ಮ ಕೊಪ್ಪರ, ಅಂದರೆ ಒಣಕೊಬ್ಬರಿ, ತುಂಬಿಡುತ್ತಿದ್ದ ತಮ್ಮ ಕೊಟ್ಟಿಗೆ ಖಾಲಿ ಮಾಡಿಕೊಟ್ಟರು. ಸಂಸ್ಥೆಯವರು ಕಲಿಸಲು ದೇವಮ್ಮನನ್ನು ನೇಮಿಸಿದರು.

ಅವಳು ಕಲಿಸುವ ಕ್ರಮ ನನಗೆ ಹಿಡಿಸುತ್ತಿರಲಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಾನು ಪಕ್ಕದ ಶಾಲೆಯಲ್ಲಿ ಕನ್ನಡ ಮಾಷ್ಟ್ರು, ತ್ಯಾಂಪಣ್ಣ. ಮನೆಯಲ್ಲಿ ತುಳುವನಾದರೂ ಶಾಲೆಯ ಮೆಟ್ಟಲು ಹತ್ತಿದರೆ ಕನ್ನಡದ ಕೋತ್ವಾಲ. ತುಳುವಿನಲ್ಲಿ ಮಾತಾಡಿದವರ ಕಿವಿ ಹಿಂಡುತ್ತಿದ್ದೆ. ದೇವಮ್ಮನದ್ದು ನೇರ ವಿರುದ್ಧ. ಮನೆಯಲ್ಲಿ ಅರೆಭಾಷೆ ಆಡುವವಳು ನಫೀಸಮ್ಮನ ಮೊಮ್ಮಗನ ಹತ್ತಿರ ಬ್ಯಾರಿ, ಉಳಿದ ಮಕ್ಕಳ ಹತ್ತಿರ ತುಳು. ಒಮ್ಮೆ ಗದರಿಸಿದೆ.

“ಕನ್ನಡ ಯಾವಾಗ ಕಲಿಸುದು ಮಾರಾಯ್ತಿ?”

“ಮೊದ್ಲು ಮಕ್ಳು ಬಾಯಿ ಬಿಡ್ಲಿ ಮಾಷ್ಟ್ರೆ. ಬಾಯಿ ಬಿಟ್ಟ ಮೇಲೆ ಯಾವ ಭಾಷೆಯಾದ್ರೂ ಒಳಗೆ ಹೋಗ್ತದೆ.”

ಅವಳ ಮಾತಲ್ಲಿ ಹುರುಳಿತ್ತು. ನಮ್ಮ ಒಂದನೇ ತರಗತಿಗೆ ಬರುವ ಮಕ್ಕಳು ಮೊದಲಿನ ಹಾಗೆ ಕಂಬ ಹಿಡಿದು ಅಳುವುದು ನಿಂತಿತ್ತು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ಚಿಕ್ಕವರು ಬಾಲವಾಡಿಯಲ್ಲಿ ಕೂತರೆ ಅವರನ್ನು ಎತ್ತಿಕೊಂಡಿರುತ್ತಿದ್ದ ಅಕ್ಕಂದಿರ ಸೊಂಟ ಖಾಲಿಯಾಯಿತು. ಆ ನಾಲ್ಕು ವರ್ಷಗಳಲ್ಲಿ ಒಂಬತ್ತು ಹುಡುಗಿಯರು ಹೊಸದಾಗಿ ಶಾಲೆಗೆ ಬಂದರು. ಕುಮುದಿನಿ ಎಂಬವಳು ತಮ್ಮ ಅಚ್ಚುತನನ್ನು ಕೊಟ್ಟಿಗೆಯ ಬಾಗಿಲಲ್ಲಿ ಇಳಿಸಿ ಓಡಿಬರುತ್ತಿದ್ದಳು. ಲೆಕ್ಕದಲ್ಲಿ ಅಂಥ ಬುದ್ಧಿಯನ್ನು ನಾನು ಹುಡುಗರಲ್ಲೂ ಕಂಡಿರಲಿಲ್ಲ. ಅವಳನ್ನು ನೋಡಿದಾಗೆಲ್ಲ ದೇವಮ್ಮನ ಮುಖ ಅರಳುತ್ತಿತ್ತು. ಯಾಕೆಂದು ಊರಿಗೆಲ್ಲ ಗೊತ್ತಿತ್ತು.

1962ರ ಜನವರಿಯಲ್ಲಿ ಮೈಸೂರಿನಿಂದ ಪರೀಕ್ಷೆಯವರು ಬಂದರು. ಕನ್ನಡಕದ ತೆಳ್ಳಗಿನ ಯುವಕ, ಒಳ್ಳೆಯವನೇ. ಚಿತ್ರದ ಹಲಗೆ ತೋರಿಸಿ ಕೇಳುವುದು, ಮಗು ಬೆರಳಿಟ್ಟು ತೋರಿಸುವುದು. ಪ್ರಶ್ನೆಯನ್ನು ಎರಡೇ ಸಲ ಹೇಳಬೇಕು, ಬೇರೆ ಮಾತು ಸೇರಿಸಕೂಡದು, ಕಲಿಸಿದವರು ಒಳಗಿರಕೂಡದು. ದೇವಮ್ಮ ಹೊರಗೆ ಹಲಸಿನ ಮರದಡಿ ನಿಂತಳು. ನಾನು ಸಾಕ್ಷಿಯಾಗಿ ಒಳಗೆ. ಪ್ರತಿ ಮಗುವಿನ ಕಾಗದದ ಕೊನೆಗೆ ಒಂದು ಸಾಲಿತ್ತು: ಮಗುವಿಗೆ ಪ್ರಶ್ನೆಯ ಭಾಷೆ ತಿಳಿಯುತ್ತದೆಯೇ? ಅದರ ಎದುರು ಹೌದು ಅಥವಾ ಇಲ್ಲ ಎಂದು ಬರೆದು ಸ್ಥಳೀಯ ಶಿಕ್ಷಕ ರುಜು ಹಾಕಬೇಕು.

ಮೊದಲು ಬಂದವನು ಅಚ್ಚುತ.

“ಬಾಳೆ ಎಲ್ಲಿದೆ ತೋರಿಸು ಮರಿ.”

ಹುಡುಗ ತಡಮಾಡಲಿಲ್ಲ. ತೊಟ್ಟಿಲಲ್ಲಿ ಮಲಗಿದ್ದ ಮಗುವಿನ ಚಿತ್ರದ ಮೇಲೆ ಬೆರಳಿಟ್ಟ. ತುಳುವಿನಲ್ಲಿ ಮಗುವಿಗೆ ಬಾಲೆ ಎನ್ನುವುದು, ಬಾಳೆಗಿಡಕ್ಕೆ ಬಾರೆ. ಎಲೆ ತೋರಿಸು ಎಂದಾಗ ಇಲಿಯನ್ನು ತೋರಿಸಿದ. ತುಳುವಿನಲ್ಲಿ ಇಲಿಗೆ ಎಲಿ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟು, ಶಹಬ್ಬಾಸ್‌ಗಿರಿಗೆ ನನ್ನ ಮುಖ ನೋಡಿದ.

ಯುವಕ ತಪ್ಪು ಎಂದು ಗುರುತು ಹಾಕಿ ನನ್ನ ಕಡೆ ತಿರುಗಿದ. “ಏನ್ ಮೇಷ್ಟ್ರೇ, ಕನ್ನಡ ಅರ್ಥ ಆಗುತ್ತೆ ತಾನೇ ಇವಕ್ಕೆ? ಇಲ್ಲ ಅಂದ್ರೆ ಇಲ್ಲ ಅಂತಾನೇ ಬರೀರಿ, ಆ ಕಾಗದ ಲೆಕ್ಕಕ್ಕೆ ತಗೊಳ್ಳಲ್ಲ ಅಷ್ಟೆ, ಏನೂ ತೊಂದ್ರೆ ಇಲ್ಲ.”

ಇಲ್ಲ ಎಂದು ಬರೆಯುವುದೆಂದರೆ ಏನು? ತ್ಯಾಂಪಣ್ಣ ಮಾಷ್ಟ್ರ ಶಾಲೆಯ ಪಕ್ಕದ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಮೈಸೂರಿಗೆ ಬರೆದು ಕಳಿಸಿದ ಹಾಗೆ. ನನಗೆ ನಾಚಿಕೆಯಾಯಿತು. “ಅರ್ಥ ಆಗದೆ ಎಂತ ಸಾರ್? ಇದು ಕನ್ನಡ ನಾಡು” ಎಂದು ಎದೆಯುಬ್ಬಿಸಿ ಹೌದು ಎಂದು ಬರೆದೆ. ಒಮ್ಮೆ ಬರೆದ ಮೇಲೆ ಎರಡನೆಯದಕ್ಕೆ ಇಲ್ಲ ಎನ್ನುವುದು ಹೇಗೆ? ಸಂಜೆಯೊಳಗೆ ಮೂವತ್ತೊಂದು ಹೌದು, ಮೂವತ್ತೊಂದು ರುಜು. ಇಪ್ಪತ್ತಾರು ಮಕ್ಕಳು ಬಾಲೆಯನ್ನೇ ತೋರಿಸಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾನೇ ಎಷ್ಟು ವರ್ಷ ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೋ!

ಹೋಲಿಸಿ ನೋಡಲೆಂದು ಬಾಲವಾಡಿಗೆ ಹೋಗದ ಮಕ್ಕಳನ್ನು ಪುತ್ತೂರು ಪೇಟೆಯಲ್ಲಿ ಪರೀಕ್ಷಿಸಿದ್ದರು. ಅಲ್ಲಿ ಕಚೇರಿಯವರ ಮಕ್ಕಳು, ಮನೆಯಲ್ಲೂ ಕನ್ನಡ. ಅವರು ನಮ್ಮವರಿಗಿಂತ ಎಷ್ಟೋ ಮುಂದೆ ಬಂದರು. ಮರುವರ್ಷ ವರದಿ ಬಂತು: ಬಾಲವಾಡಿಯಿಂದ ಗಮನಾರ್ಹ ಪ್ರಯೋಜನ ಕಂಡುಬಂದಿಲ್ಲ. ಹಣ ನಿಂತಿತು. ನಫೀಸಮ್ಮನ ಕೊಟ್ಟಿಗೆಗೆ ಮತ್ತೆ ಕೊಪ್ಪರ ತುಂಬಿತು.

ದೇವಮ್ಮ ಎರಡು ತಿಂಗಳು ಸಂಬಳವಿಲ್ಲದೆ ತನ್ನ ಮನೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿದಳು. ಆಮೇಲೆ ಹೊಟ್ಟೆ ಕೇಳಬೇಕಲ್ಲ, ಬೀಡಿ ಕಟ್ಟಲು ಹಿಡಿದಳು. ನನ್ನ ತರಗತಿಯ ಹುಡುಗಿಯರು ಒಬ್ಬೊಬ್ಬರಾಗಿ ಕಾಣೆಯಾದರು. ಕುಮುದಿನಿಯ ತಾಯಿ ಮತ್ತೊಮ್ಮೆ ಹೆತ್ತಿದ್ದಳು. ಒಂದು ದಿನ ದಾರಿಯಲ್ಲಿ ಕೂಸನ್ನು ಎತ್ತಿಕೊಂಡು ಎದುರಾದ ಕುಮುದಿನಿ, ನನ್ನನ್ನು ಕಂಡು ಬೇಲಿಯ ಕಡೆ ತಿರುಗಿ ನಿಂತಳು.

ಮರುದಿನವೇ ಮೈಸೂರಿಗೆ ಕಾಗದ ಬರೆದೆ. ಬಾಳೆ, ಬಾಲೆ, ಎಲೆ, ಎಲಿ, ಎಲ್ಲ ವಿವರಿಸಿ ನನ್ನದೇ ತಪ್ಪೆಂದು ಒಪ್ಪಿಕೊಂಡೆ. ಯುವಕ ಪ್ರಾಮಾಣಿಕವಾಗಿಯೇ ಉತ್ತರಿಸಿದ್ದ: ತುಂಬ ವಿಷಾದವಾಯಿತು, ಆದರೆ ವರದಿ ಅಚ್ಚಾಗಿದೆ, ಸಂಶೋಧನೆಯ ಹಣ ಮುಗಿದಿದೆ, ಮತ್ತೆ ಪರೀಕ್ಷಿಸಲು ಹೊಸ ಹಣ ಬೇಕು, ಪ್ರಯೋಜನವಿಲ್ಲ ಎಂದು ಬರೆದ ಮೇಲೆ ಯಾರೂ ಕೊಡುವುದಿಲ್ಲ.

ಆ ಕಾಗದ ಹಿಡಿದು ದೇವಮ್ಮನ ಮನೆಗೆ ಹೋದೆ. ನಾವಿಬ್ಬರೂ ಮೊದಲಿನಿಂದಲೂ ಮಾತಾಡುತ್ತಿದ್ದದ್ದು ತುಳುವಿನಲ್ಲೇ. ಅವಳು ಮಡಿಲಲ್ಲಿ ತಡ್ಪೆ ಎನ್ನುವ ಬೀಡಿಯ ಮೊರ ಇಟ್ಟುಕೊಂಡು, ಎಲೆ ಕತ್ತರಿಸುತ್ತಲೇ ಪೂರ್ತಿ ಕೇಳಿದಳು.

“ಹಾಗಾದ್ರೆ ಮಕ್ಳು ಸರಿಯಾಗಿಯೇ ಹೇಳಿದ್ದು.”

“ಹೌದು.”

“ನೀವು ಒಳಗೇ ಇದ್ರಲ್ಲ ಮಾಷ್ಟ್ರೆ. ಬಾಲೆ ಅಂತ ತಿಳ್ಕೊಂಡಿದ್ದಾರೆ ಅಂತ ನಿಮಗೆ ಮತ್ತೆ ಹೊಳ್ದದ್ದಾ, ಆಗ್ಲೇ ಗೊತ್ತಾಗಿತ್ತಾ?”

ಆಮೇಲೆ ಹೊಳೆದದ್ದು ಎಂದಿದ್ದರೆ ನಂಬುತ್ತಿದ್ದಳು.

“ಆಗ್ಲೇ.”

ಕತ್ತರಿ ನಿಂತಿತು. “ಎಷ್ಟನೇ ಮಗುವಿಗೆ?”

“ಮೊದಲನೇದಕ್ಕೇ.”

ಅವಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನಾನು ಹಗುರವಾಗಿ ಮನೆಗೆ ಹೋಗುತ್ತಿದ್ದೆ. ಎದ್ದು ಒಳಗಿನಿಂದ, ಅತಿಥಿಗೆ ಕೊಡುವ ಹಾಗೆ, ಒಂದು ಲೋಟ ನೀರೂ ಬೆಲ್ಲವೂ ತಂದಿಟ್ಟು, ನಿಂತೇ ಹೇಳಿದಳು, ಶುದ್ಧ ಪುಸ್ತಕದ ಕನ್ನಡದಲ್ಲಿ: “ನೀರು ಕುಡಿಯಿರಿ, ಮಾಷ್ಟ್ರೆ.”

ಅದಾಗಿ ಐದು ವರ್ಷವಾಯಿತು. ಬೆಳ್ಳಾರೆ ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಸಿಕ್ಕಿದರೂ ಮಾತಾಡಿಸುತ್ತಾಳೆ. ಊರಿನವರೊಡನೆಲ್ಲ ತುಳು, ಬ್ಯಾರಿ, ಅರೆಭಾಷೆ. ನನ್ನೊಬ್ಬನ ಹತ್ತಿರ ಮಾತ್ರ ಕನ್ನಡ. ಒಂದಕ್ಷರ ತಪ್ಪಿಲ್ಲದ ಕನ್ನಡ.