ಬಲಗೈಗೆ ಒಪ್ಪಿದ ಡಿಟೆಕ್ಟರ್

ಅಂಗಡಿಯವನು ನೆಲದಡಿಯ ಲೋಹ ಹುಡುಕುವ ಮೆಟಲ್ ಡಿಟೆಕ್ಟರನ್ನು ಗೋಡೆಯ ಕೊಕ್ಕೆಯಿಂದ ಇಳಿಸಿ ನೇರವಾಗಿ ನನ್ನ ಗಂಡನ ಕೈಗೆ ಕೊಟ್ಟ. ಕೇಳಿದವಳು ನಾನು. ಹ್ಯಾರಿಸ್ ಪಾರ್ಕಿನ ಮನೆಯಿಂದ ಎರಡು ರೈಲು ಬದಲಿಸಿ ಸಿಡ್ನಿಯ ಆ ಮೂಲೆಗೆ ಬಂದದ್ದೂ ನನ್ನ ಹಟಕ್ಕೇ. ಇವರು ಅದನ್ನು ಗುಡಿಸುವ ಪೊರಕೆಯ ಹಾಗೆ ಎರಡು ಸಲ ಬೀಸಿ, "ಪರವಾಗಿಲ್ಲ, ಲೈಟಾಗೇ ಇದೆ" ಎಂದರು. ಇವರ ಕೈಗೆ ಲೈಟಾಗಿತ್ತು. ನನಗೆ ಮೈಯೆಲ್ಲ ಉರಿಯಿತು.

"ಬೇಕಾಗಿರೋದು ನಂಗೆ ಕಣ್ರೀ, ನಿಮಗಲ್ಲ" ಎಂದು ಕಸಿದುಕೊಂಡೆ.

ಆಗ ನನಗೆ ಐವತ್ತೊಂದು ವರ್ಷ. ಎಂಟು ತಿಂಗಳ ಹಿಂದೆ ಬಲಗಡೆಯ ಸ್ತನವನ್ನು ತೆಗೆದಿದ್ದರು, ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ. ಗ್ರಂಥಿ ಹೋದ ಮೇಲೆ ಆ ಕೈಯಲ್ಲಿ ನೀರು ತುಂಬಿ ಊದಿಕೊಳ್ಳಬಹುದು, ಭಾರ ಎತ್ತಬೇಡಿ, ಆದರೆ ಕೈಯನ್ನು ಹಗುರವಾಗಿ ಆಡಿಸುತ್ತಲೇ ಇರಿ ಎಂದು ಫಿಸಿಯೋ ಹೇಳಿ ಕಳಿಸಿದ್ದಳು. ನನ್ನ ಗಂಡ ಆ ಮಾತಿನ ಮೊದಲ ಅರ್ಧವನ್ನು ಮನೆಗೆ ತಂದರು, ಉಳಿದರ್ಧವನ್ನು ಆಸ್ಪತ್ರೆಯ ಕುರ್ಚಿಯಲ್ಲೇ ಮರೆತು ಬಂದರು. ಅಂದಿನಿಂದ ಕುಕ್ಕರ್ ಎತ್ತುವ ಹಾಗಿಲ್ಲ, ಹಾಲಿನ ಕ್ಯಾನ್ ಮುಟ್ಟುವ ಹಾಗಿಲ್ಲ. ಅಂಗಡಿಗೆ ಹೋದರೆ ಕೊತ್ತಂಬರಿ ಕಟ್ಟನ್ನೂ ನನ್ನ ಕೈಯಿಂದ ಇಸಿದುಕೊಳ್ಳುತ್ತಿದ್ದರು. ಬಲಗೈ ಎತ್ತಿದರೆ ಸಾಕು, "ಎಡಗೈ, ಎಡಗೈ" ಎನ್ನುತ್ತಿದ್ದರು. ನಮ್ಮ ಕನ್ನಡದವರ ಮನೆಗಳಲ್ಲೂ ಅದೇ ಪಾಡು. ಮೊದಲೆಲ್ಲ ಸತ್ಯನಾರಾಯಣ ಪೂಜೆಯೆಂದರೆ ಐವತ್ತು ಜನಕ್ಕೆ ಸಜ್ಜಿಗೆ ಕೆದಕುತ್ತಿದ್ದವಳು ನಾನು. ಈಗ ಬಾಗಿಲಲ್ಲೇ "ಆಂಟಿ, ನೀವು ಕೂತ್ಕೊಳಿ ಆಂಟಿ, ರೆಸ್ಟ್ ತಗೊಳಿ" ಎಂದು ಒಂದು ಕುರ್ಚಿ. ಎದ್ದರೆ ಮತ್ತೆ ಕೂರಿಸುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು, ನನಗೇನು ಗೊತ್ತಾಗುವುದಿಲ್ಲವೇ? ಆದರೆ ರೋಗ ತೆಗೆದುಕೊಂಡದ್ದು ಸಾಲದು ಎಂಬಂತೆ ಇವರೆಲ್ಲ ಸೇರಿ ನನ್ನ ಬಲಗೈಯನ್ನೂ ತೆಗೆದುಕೊಳ್ಳಲು ಹೊರಟಿದ್ದರು. ಅದನ್ನು ಮಾತ್ರ ಬಿಟ್ಟುಕೊಡಲಾರೆ ಎಂದು ಹಟ ಹುಟ್ಟಿತು.

ಹಟಕ್ಕೆ ದಾರಿ ತೋರಿಸಿದ್ದು ಒಂದು ಹಳೆಯ ಪೆನ್ನಿ ನಾಣ್ಯ. ಬಾಡಿಗೆ ಮನೆಯ ಹಿತ್ತಲಲ್ಲಿ ದಂಟಿನ ಸೊಪ್ಪು ಹಾಕೋಣವೆಂದು, ಇವರು ಕೆಲಸಕ್ಕೆ ಹೋದ ಹೊತ್ತು ನೋಡಿ, ಅಡುಗೆಮನೆಯ ಹಳೆಯ ಸೌಟಿನಲ್ಲಿ ಮಣ್ಣು ಕೆದಕುತ್ತಿದ್ದೆ. ದುಂಡಗಿನ ಕಪ್ಪು ಬಿಲ್ಲೆಯೊಂದು ಮೇಲೆ ಬಂತು. ಒಳಗೆ ತಂದು ಹುಣಸೆಹಣ್ಣು, ಉಪ್ಪು ಹಾಕಿ ದೇವರ ಪಂಚಪಾತ್ರೆ ಬೆಳಗುವ ಹಾಗೆ ಗಸಗಸ ತಿಕ್ಕಿದೆ. ಒಂದು ಕಡೆ ರಾಜನ ತಲೆ ಎದ್ದು ಬಂತು, ಇನ್ನೊಂದು ಕಡೆ ಓಡುತ್ತಿರುವ ಕಾಂಗರೂ. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ನಾನು ಜೋರಾಗಿ ನಕ್ಕೆ, ಒಬ್ಬಳೇ, ಸಿಂಕಿನ ಮುಂದೆ.

ರಾಜನ ತಲೆಯ ನಾಣ್ಯ ನನಗೆ ಹೊಸದಲ್ಲ. ಮೈಸೂರಿನ ನಮ್ಮಮ್ಮನ ದೇವರ ಪೆಟ್ಟಿಗೆಯಲ್ಲಿ ಅಂಥ ಎರಡು ಬೆಳ್ಳಿ ರೂಪಾಯಿಗಳಿದ್ದವು. ದೀಪಾವಳಿಯ ಲಕ್ಷ್ಮೀಪೂಜೆಗೆ ಆ ಇಂಗ್ಲಿಷ್ ರಾಜ ಹೊರಗೆ ಬಂದು, ವಿಭೂತಿಯಲ್ಲಿ ಮೈ ತಿಕ್ಕಿಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು, ಕಲಶದ ಮುಂದೆ ಕೂರುತ್ತಿದ್ದ. ಅಮ್ಮ ಹೋದ ಮೇಲೆ ಆ ಎರಡೂ ಅಣ್ಣಂದಿರ ಮನೆ ಸೇರಿದವು. ಹೆಣ್ಣುಮಗಳಿಗೆ ಒಂದು ಕೊಡೋಣ ಎಂದು ಯಾರಿಗೂ ಅನ್ನಿಸಲಿಲ್ಲ, ನಾನೂ ಬಾಯಿಬಿಟ್ಟು ಕೇಳಲಿಲ್ಲ. ಈಗ ಅನ್ನಿಸಿತು: ಯಾರನ್ನೂ ಕೇಳಬೇಕಾಗಿಲ್ಲ, ನನ್ನ ಪೂಜೆಯ ಬೆಳ್ಳಿ ನಾಣ್ಯವನ್ನು ನಾನೇ ನೆಲದಿಂದ ತೆಗೆಯುತ್ತೇನೆ, ಈ ಕೈಯಿಂದಲೇ.

ಅಂಗಡಿಯಲ್ಲಿ ಆ ಪೆನ್ನಿಯನ್ನು ಹೆಮ್ಮೆಯಿಂದ ಕೌಂಟರಿನ ಮೇಲಿಟ್ಟೆ. ಅಂಗಡಿಯವನ ಮುಖ ಹುಳ್ಳಗಾಯಿತು. ಯಾರು ಇದನ್ನು ಉಜ್ಜಿದ್ದು ಎಂದು ಕೇಳಿದ. ಹಳೆಯ ನಾಣ್ಯದ ಕಪ್ಪನ್ನು ಮುಟ್ಟಬಾರದಂತೆ, ಸಂಗ್ರಹ ಮಾಡುವವರು ಆ ಕಪ್ಪನ್ನೇ ನೋಡುತ್ತಾರಂತೆ, ಇನ್ನು ಇದು ಯಾರಿಗೂ ಬೇಡವಂತೆ. ನನಗೆ ಬೇಕು ಎಂದೆ. ನಮ್ಮ ಮನೆಯಲ್ಲಿ ಕೊಳೆ ಹಿಡಿದದ್ದನ್ನು ದೇವರ ಮುಂದೆ ಇಡುವುದಿಲ್ಲ ಎಂದೂ ಹೇಳಿದೆ. ಅವನಿಗೆ ದೇವರು ಎಲ್ಲಿಂದ ಬಂದರು ಎಂದು ಅರ್ಥವಾಗಿರಲಿಕ್ಕಿಲ್ಲ. ಇವರು ನನ್ನ ಮೊಣಕೈಯನ್ನು, ಎಡಗಡೆಯದನ್ನು, ಮೆಲ್ಲಗೆ ಚಿವುಟಿದರು.

ಆಯ್ಕೆ ಶುರುವಾಯಿತು. ಒಂದೊಂದೇ ಡಿಟೆಕ್ಟರನ್ನು ಬಲಗೈಯಲ್ಲಿ ಹಿಡಿದು, ಗೋಡೆಯ ಗಡಿಯಾರ ನೋಡಿಕೊಂಡು, ಅಂಗಡಿಯ ಕಾರ್ಪೆಟ್ಟಿನ ಮೇಲೆ ಎಡಕ್ಕೆ ಬಲಕ್ಕೆ ಬೀಸುತ್ತ ನಡೆದೆ. ಹತ್ತು ನಿಮಿಷ ಬೀಸಿದರೂ ತೋಳು ಭಾರವೆನ್ನಬಾರದು, ಅದು ನಾನು ಇಟ್ಟುಕೊಂಡ ಲೆಕ್ಕ. ಚಿನ್ನ ಹುಡುಕುವವರ ದೊಡ್ಡ ಯಂತ್ರ ಎರಡೇ ನಿಮಿಷಕ್ಕೆ ಭುಜವನ್ನು ಎಳೆಯಿತು. ಇನ್ನೊಂದು ಐದು ನಿಮಿಷ ಬಂತು. ಮೂರನೆಯದು ಹಗುರವೇ, ಆದರೆ ಭಾರವೆಲ್ಲ ಮುಂದೆ, ನೆಲಕ್ಕೆ ಹಿಡಿಯುವ ದುಂಡು ತಟ್ಟೆಯ ಕಡೆಗಿದ್ದು ಮಣಿಕಟ್ಟು ನೋಯಿಸಿತು. ತೂಕ ಎಷ್ಟು ಎನ್ನುವುದಕ್ಕಿಂತ ತೂಕ ಎಲ್ಲಿದೆ ಎನ್ನುವುದು ಮುಖ್ಯ ಎಂದು ಆಗ ತಿಳಿಯಿತು. ಬೇರೆ ಗಿರಾಕಿಗಳು ದಾರಿ ಬಿಟ್ಟು ನಿಂತರು. ಇವರು ಅಲ್ಲಿದ್ದ ಬೂಟುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಸಾಕು ಬಾರೇ, ಎಲ್ರೂ ನೋಡ್ತಿದಾರೆ."

"ನೋಡ್ಲಿ. ಟಿಕೆಟ್ ಏನೂ ಇಲ್ವಲ್ಲ."

ಕೊನೆಗೆ ಅಂಗಡಿಯವನಿಗೇ ಕನಿಕರವೋ ಕುತೂಹಲವೋ ಹುಟ್ಟಿ, ಒಳಗಿನಿಂದ ಒಂದನ್ನು ತಂದ. ಅದರ ಪೆಟ್ಟಿಗೆಯನ್ನು, ಬ್ಯಾಟರಿ ಸಮೇತ, ಕೋಲಿನಿಂದ ಬಿಚ್ಚಿ ಬೆಲ್ಟಿಗೆ ಸಿಕ್ಕಿಸಿಕೊಳ್ಳಬಹುದು. ಕೈಗೆ ಉಳಿಯುವುದು ಬರೀ ಕೋಲು ಮತ್ತು ತಟ್ಟೆ. ಮದುವೆಯಲ್ಲೂ ನನಗೆ ಸೊಂಟಕ್ಕೆ ಡಾಬು ಹಾಕಿರಲಿಲ್ಲ, ಐವತ್ತೊಂದಕ್ಕೆ ಈ ಕಪ್ಪು ಪ್ಲಾಸ್ಟಿಕ್ ಡಾಬು ಬಂತು. ಹತ್ತು ನಿಮಿಷ ಆಯಿತು, ಹನ್ನೆರಡಾಯಿತು, ತೋಳು ದೂರು ಹೇಳಲಿಲ್ಲ. ಇದರಲ್ಲಿ ನೆಲಕ್ಕೆ ತಕ್ಕಂತೆ ಹೊಂದಿಸುವ ಗುಂಡಿ ಇಲ್ಲ, ಮಣ್ಣು ಸರಿಯಿಲ್ಲದಿದ್ದರೆ ತೊಂದರೆ ಕೊಡುತ್ತದೆ ಎಂದು ಅವನು ಎಚ್ಚರಿಸಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಿಡ್ನಿಯ ಕಡಲತೀರದ ಮರಳಿನಲ್ಲಿ ಅದು ಸಾಧುವಾಗಿತ್ತು. ಅಲ್ಲಿ ನನಗೆ ಸಿಕ್ಕಿದ್ದು ಮುಖ್ಯವಾಗಿ ತಂಪು ಪಾನೀಯದ ಡಬ್ಬಿಗಳ ಮುಚ್ಚಳದ ಉಂಗುರಗಳು. ಒಂದು ಜಾಡಿ ತುಂಬ ಕೂಡಿಟ್ಟಿದ್ದೆ. ಅಷ್ಟರಲ್ಲಿ ಇವರ ಕೆಲಸ ಮೆಲ್ಬರ್ನಿಗೆ ಬದಲಾಯಿತು, ಊರಂಚಿನ ಟಾರ್ನೀಟಿನಲ್ಲಿ ಹೊಸ ಮನೆ, ಹೊಸ ಮಾರ್ಟ್‌ಗೇಜ್. ಸುತ್ತ ಇನ್ನೂ ಹೊಲಗಳಿದ್ದವು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹಳೆಯ ಗೋಡೆಗಳಿದ್ದವು. ಇಂಥ ಕಡೆ ನಾಣ್ಯ ಇಲ್ಲದಿದ್ದರೆ ಇನ್ನೆಲ್ಲಿ ಎಂದು ಕುಣಿದೆ. ಮೊದಲ ದಿನವೇ ಡಿಟೆಕ್ಟರ್ ಹೆಜ್ಜೆಗೊಂದು ಸಲ ಕಿರುಚಿತು. ಅಗೆದಲ್ಲೆಲ್ಲ ಕಲ್ಲು. ಆ ಕಡೆಯ ನೆಲವೆಲ್ಲ ಹಳೆಯ ಜ್ವಾಲಾಮುಖಿಗಳು ಉಗುಳಿದ ಕಪ್ಪು ಕಲ್ಲು, ಕಲ್ಲಿನೊಳಗೇ ಕಬ್ಬಿಣ. ಬರೀ ಹಗುರವನ್ನು ನೋಡಿ ಆರಿಸಿದ್ದೆ, ನೆಲವನ್ನು ನೋಡಿರಲಿಲ್ಲ. ತಪ್ಪು ನನ್ನದೇ.

"ನಾನ್ ಆವತ್ತೇ ಅಂದ್ಕೊಂಡೆ" ಎಂದರು ಇವರು. ಆವತ್ತು ಅವರು ಅಂದುಕೊಂಡದ್ದು ಬೂಟಿನ ವಿಷಯ ಮಾತ್ರ ಎಂದು ನನಗೆ ಚೆನ್ನಾಗಿ ಗೊತ್ತು.

ನಾನು ಬಿಡಲಿಲ್ಲ. ವಾರಾಂತ್ಯದಲ್ಲಿ ನಾಣ್ಯ ಹುಡುಕುವವರ ಒಂದು ಗುಂಪು ಇದೆಯೆಂದು ತಿಳಿದು ಅಲ್ಲಿಗೆ ಹೋದೆ. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಮುದುಕ, ಮಂಡಿಗೆ ಪಟ್ಟಿ ಕಟ್ಟಿಕೊಂಡವನು, ನನ್ನ ಯಂತ್ರವನ್ನೂ ಊತ ಬಾರದಿರಲೆಂದು ತೋಳಿಗೆ ಹಾಕಿಕೊಂಡಿದ್ದ ಬಿಗಿ ತೋಳಚೀಲವನ್ನೂ ನೋಡಿ, ಏನೂ ಕೇಳದೆ, ತಟ್ಟೆ ಬದಲಿಸು ಎಂದ. ದೊಡ್ಡ ತಟ್ಟೆ ಒಂದೇ ಸಲಕ್ಕೆ ಹೆಚ್ಚು ನೆಲ ನೋಡುತ್ತದೆ, ಹೆಚ್ಚು ಕಲ್ಲಿಗೆ ಹೆದರುತ್ತದೆ. ಚಿಕ್ಕದು ಸ್ವಲ್ಪವೇ ನೋಡುತ್ತದೆ, ನೆಟ್ಟಗೆ ನೋಡುತ್ತದೆ. ದೋಸೆಯಷ್ಟಗಲದ್ದನ್ನು ತೆಗೆದು ಪೂರಿಯಷ್ಟಗಲದ್ದನ್ನು ಹಾಕಿದೆವು. ಕಿರುಚಾಟ ಮುಕ್ಕಾಲು ಪಾಲು ನಿಂತಿತು, ಕೋಲು ಇನ್ನಷ್ಟು ಹಗುರವಾಯಿತು. ಒಂದು ಹೊಲದ ಒಡೆಯನಿಂದ ಒಪ್ಪಿಗೆ ಕೊಡಿಸಿದವನೂ ಅವನೇ. ಆ ಊರಿನಲ್ಲಿ ನನಗೆ ಕೂತ್ಕೊಳಿ ಎನ್ನದ ಮೊದಲ ಮನುಷ್ಯ.

ದೀಪಾವಳಿಗೆ ಎರಡು ದಿನ ಇತ್ತು. ಆ ಸಲದ ಪೂಜೆಗೆ ನನ್ನದೇ ನಾಣ್ಯ ಎಂದು ಹಟ ತೊಟ್ಟಿದ್ದೆ. ಕಲ್ಲುಗೋಡೆಯ ಪಕ್ಕದಲ್ಲೇ ಪೂರಿಯಗಲ ಪೂರಿಯಗಲವಾಗಿ ನಡೆದೆ. ಕೈ ದಣಿಯದಂತೆ ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಬೇಕಿತ್ತು, ಎರಡು ಗಂಟೆ ಆಯಿತು. ತೆಳ್ಳಗಿನ, ಸ್ಪಷ್ಟವಾದ ಒಂದು ಸದ್ದು ಬಂತು. ಗಟ್ಟಿ ಮಣ್ಣನ್ನು ಬಲಗೈಯಲ್ಲೇ ಅಗೆದೆ. ಉಗುರಿನಷ್ಟು ಚಿಕ್ಕ, ಮೂರು ಪೆನ್ನಿ ಬೆಲೆಯ ಒಂದು ಬೆಳ್ಳಿ ನಾಣ್ಯ, ಒಂದು ಕಡೆ ರಾಜ, ಇನ್ನೊಂದು ಕಡೆ ಮೂರು ಗೋಧಿ ತೆನೆ. ಲಕ್ಷ್ಮಿಗೆ ಇಡಲು ತೆನೆಯ ನಾಣ್ಯ! ಹೊಲದ ನಡುವೆ ಕೂತು ಅತ್ತುಬಿಟ್ಟೆ.

ಮರುದಿನ ಏಳುವಾಗ ಬಲಗೈ ಮೊಣಕೈತನಕ ಊದಿಕೊಂಡಿತ್ತು. ಬಳೆ ಚರ್ಮಕ್ಕೆ ಕಚ್ಚಿಕೊಂಡಿತ್ತು. ಆಸ್ಪತ್ರೆ, ಸ್ಕ್ಯಾನ್, ಬೆರಳ ಬುಡದಿಂದ ಭುಜದವರೆಗೆ ಬ್ಯಾಂಡೇಜು. ರೋಗವಲ್ಲ, ನೀರು, ಇಳಿಯುತ್ತದೆ ಎಂದರು. ಪೂಜೆಯ ದಿನ ನಾಣ್ಯವನ್ನು ವಿಭೂತಿಯಲ್ಲಿ ಎಡಗೈಯಿಂದ ತಿಕ್ಕಿದೆ, ಕುಂಕುಮವನ್ನು ಮಾತ್ರ ಬ್ಯಾಂಡೇಜಿನಿಂದ ಹೊರಗಿದ್ದ ಬಲಗೈಯ ಬೆರಳ ತುದಿಯಿಂದಲೇ ಇಟ್ಟೆ. ಆರತಿ ಇವರು ಎತ್ತಿದರು.

ಆರು ವಾರಕ್ಕೆ ಬ್ಯಾಂಡೇಜು ಬಿಚ್ಚಿದರು. ಹಗುರವಾಗಿ ಮತ್ತೆ ಶುರುಮಾಡಿ, ಇಪ್ಪತ್ತು ನಿಮಿಷ, ಅಗೆಯುವುದನ್ನು ಬೇರೆಯವರು ಮಾಡಲಿ ಎಂದಳು ಇಲ್ಲಿಯ ಫಿಸಿಯೋ. ಮನೆಗೆ ಬಂದು ನೋಡಿದರೆ ಬಟ್ಟೆ ಒಗೆಯುವ ಕೋಣೆಯ ಬಾಗಿಲ ಹಿಂದೆ ಡಿಟೆಕ್ಟರ್ ಇರಲಿಲ್ಲ. ಇವರನ್ನು ಕೇಳಿದರೆ, "ಇರುತ್ತೆ ಎಲ್ಲೋ, ನೋಡೋಣ" ಎಂದರು. ಅದು ಸಿಕ್ಕಿದ್ದು ಮರುವಾರ, ಪಕ್ಕದ ಬಡಾವಣೆ ಟ್ರುಗನಿನಾದ ದಿನಸಿ ಅಂಗಡಿಯ ಕಾರ್ ಪಾರ್ಕಿನಲ್ಲಿ. ಕಾರಿನ ಡಿಕ್ಕಿಗೆ ಹಾಲು ಮೊಸರಿನ ಚೀಲ ಇಡಲು ಹೋದೆ, ಕಂಬಳಿಯ ಕೆಳಗೆ ಕೋಲಿನ ತುದಿ ಕಂಡಿತು. ಇವರು ಅಕ್ಕಿ ಮೂಟೆ ಹೊತ್ತುಕೊಂಡು ಬರುವಷ್ಟರಲ್ಲಿ ನಾನು ಅದನ್ನು ಹೊರಗೆ ಎಳೆದಾಗಿತ್ತು.

"ಒಳಗಿಡು" ಎಂದರು. "ಇನ್ನು ಬೇಡ ಇದು. ಕೈ ಜೋಪಾನ ಮಾಡ್ಕೊ."

"ಯಾರಿಗೇಂತ ಜೋಪಾನ ಮಾಡ್ಲಿ?" ನನ್ನ ದನಿ ಏರಿತು. ಪಕ್ಕದ ಕಾರಿನವರು ತಿರುಗಿ ನೋಡಿದರು. "ಹೊಸದಾಗೇ ಇಟ್ಟು ಕೊನೇಗೆ ಸುಡೋಕಾ ಈ ಕೈನ?"

ಅಕ್ಕಿ ಮೂಟೆ ನೆಲಕ್ಕಿಳಿಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಇವರ ಬಾಯಲ್ಲಿ ಕೇಳದ ಮಾತೊಂದು ಬಂತು.

"ಭಯ ಕಣೇ ನಂಗೆ" ಎಂದರು. "ಆವತ್ತು ಕೈ ಊದಿದ್ದು ನೋಡಿ, ಮತ್ತೆ ಬಂತು ಅನ್ಕೊಂಡೆ."

"ನಂಗೂ ಹಾಗೇ ಅನ್ನಿಸ್ತು. ಸ್ಕ್ಯಾನ್ ಮಷೀನ್ ಒಳಗೆ ಮಲಗಿದ್ನಲ್ಲ, ಆವಾಗ ಏನ್ ಯೋಚ್ನೆ ಮಾಡ್ತಿದ್ದೆ ಗೊತ್ತಾ? ಆ ಗೋಡೆ ಆ ಕಡೆ ಇನ್ನೂ ನೋಡೇ ಇಲ್ವಲ್ಲ ಅಂತ."

ಇವರು ಮೂಟೆಯನ್ನು ಎತ್ತಿ ಡಿಕ್ಕಿಯಲ್ಲಿಟ್ಟರು, ಕಂಬಳಿಯ ಕೆಳಗೆ ಕೈಹಾಕಿ ಅಗೆಯುವ ಕರಣೆಯನ್ನು ಹುಡುಕಿ ತೆಗೆದು ತಮ್ಮ ಜೇಬಿಗೆ ಸಿಕ್ಕಿಸಿಕೊಂಡರು.

"ಅಗೆಯೋದು ನಾನು" ಎಂದರು. "ಅದೂ ಈಗ್ಲೇ ಬೇಡ. ಹಾಲು ಮೊಸರು ಎಲ್ಲಾ ಇದೆ, ಬಿಸಿಲಿಗೆ ಕೆಟ್ಟೋಗುತ್ತೆ."

"ಕೆಡ್ಲಿ" ಎಂದೆ. ಬೆಲ್ಟನ್ನು ಅಲ್ಲೇ, ಕಾರ್ ಪಾರ್ಕಿನಲ್ಲೇ, ಸೊಂಟಕ್ಕೆ ಬಿಗಿದೆ.