ಸುಲ್ತಾನಾಳ ನಾರ್ಮಲ್ ಕಾಯಿಲೆ

ಬಳ್ಳಾರಿಯ ಕೆಂಪು ಮಣ್ಣು ಚೀನಾಕ್ಕೆ ಹೋಗಿ ನೋಟಾಗಿ ತಿರುಗಿ ಬರುತ್ತಿದ್ದ ಆ ಐದಾರು ವರ್ಷ ಊರಿನ ಹೆಂಗಸರ ಹುಬ್ಬುಗಳಿಗೂ ಶುಕ್ರದೆಸೆ ಬಂದಿತ್ತು. ನಿನ್ನೆಯವರೆಗೆ ಅರಿಶಿನ ಹಚ್ಚಿ ಮುಖ ತೊಳೆಯುತ್ತಿದ್ದವರು, ಗಂಡನ ಒಂದು ಲಾರಿ ನಾಲ್ಕಾದ ಕೂಡಲೇ ಫೇಶಿಯಲ್ ಇಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಅವರ ಪುಣ್ಯದಿಂದ ಗಾಂಧಿನಗರದ ಒಂದು ಸಣ್ಣ ಕೋಣೆಯಲ್ಲಿ ಸುಲ್ತಾನಾಳ ಬ್ಯೂಟಿ ಪಾರ್ಲರ್ ನಡೆಯುತ್ತಿತ್ತು. ಸಿರುಗುಪ್ಪದಲ್ಲಿ ಹುಟ್ಟಿ, ಕುರುಗೋಡಿನ ರಫೀಕನನ್ನು ಮದುವೆಯಾಗಿ, ಬಳ್ಳಾರಿಗೆ ಬಂದು ನೆಲೆಸಿದವಳು ಅವಳು. ಹಲ್ಲಲ್ಲಿ ದಾರ ಕಚ್ಚಿ ಹುಬ್ಬು ತೀಡಿದಳೆಂದರೆ, ಹತ್ತು ವರ್ಷ ಕಡಿಮೆಯಾಯಿತು ಎಂದು ಹೆಂಗಸರು ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ.

ಅಂಥವಳ ತಲೆಗೂದಲೇ ಹಿಡಿ ಹಿಡಿಯಾಗಿ ಉದುರತೊಡಗಿತು. ಹುಬ್ಬೂ ತೆಳುವಾಯಿತು. ಮುಖ ಊದಿಕೊಂಡಿತು. ಊರಿಗೆ ಊರೇ ಬೇಯುವ ಏಪ್ರಿಲ್‌ನಲ್ಲಿ ಅವಳಿಗೆ ಚಳಿ. ಒಬ್ಬರ ಹುಬ್ಬು ಮುಗಿಸುವಷ್ಟರಲ್ಲಿ ಗೋಡೆ ಹಿಡಿದು ಕೂರುವಂತಾಯಿತು. ಗಿರಾಕಿಗಳು ಮೊದಲು ಅಯ್ಯೋ ಪಾಪ ಎಂದರು, ಆಮೇಲೆ ಗುಸುಗುಸು ಎಂದರು. "ತನ್ನ ಕೂದ್ಲ ಉಳಿಸ್ಕೊಳ್ಳಾಕ ಬರ್ದಾಕಿ ನಮ್ಮ ತಲಿಗೆ ಏನ್ ಮಾಡ್ತಾಳ?" ಎಂದು ಒಬ್ಬೊಬ್ಬರೇ ಹೊಸದಾಗಿ ತೆರೆದ ಏಸಿ ಪಾರ್ಲರಿಗೆ ಜಾರಿಕೊಂಡರು. ಹೀಗೇ ನಡೆದರೆ ಅಂಗಡಿಗೆ ಬೀಗ ಬೀಳುವುದು ಖಂಡಿತವಾಗಿತ್ತು.

ಉಳಿದವರು ಕುರ್ಚಿಯಲ್ಲಿ ಕೂತೇ ರೋಗ ಕಂಡುಹಿಡಿದರು: ಥೈರಾಯ್ಡ್. ಆಗ ಗಾಂಧಿನಗರದಲ್ಲಿ ಥೈರಾಯ್ಡ್ ಇಲ್ಲದ ಶ್ರೀಮಂತ ಹೆಂಗಸೇ ಇರಲಿಲ್ಲ. ಮೂಗುತಿಯಂತೆ ಅದೂ ಎಲ್ಲರಿಗೂ ಒಂದೊಂದಿತ್ತು.

ತವರಿಗೆ ಹೋದಾಗ ಸಿರುಗುಪ್ಪದ ಡಾಕ್ಟರ್ ಕೊಟ್ಟೂರಪ್ಪನಿಗೆ ತೋರಿಸಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಡಾಕ್ಟರ್ ಅವನು. "ಮುಖ ನೋಡಿದ್ರನ ಗೊತ್ತಾಕ್ಕತಿ, ರಕ್ತ ಪರೀಕ್ಷೆ ಯಾಕ ಸುಮ್ನ?" ಎಂದು ಥೈರಾಯ್ಡ್ ಗುಳಿಗೆ ಬರೆದುಕೊಟ್ಟ. ಒಂದು ವಾರ ನುಂಗುವಷ್ಟರಲ್ಲಿ ಎದೆ ಡವಡವ, ಕೈ ಗಡಗಡ. ಆ ಕೈಯಲ್ಲಿ ಒಬ್ಬ ಮದುಮಗಳ ಅರ್ಧ ಹುಬ್ಬೇ ಹಾರಿಹೋಗುತ್ತಿತ್ತು, ದೇವರು ಕಾಪಾಡಿದ. ಗುಳಿಗೆ ಬಿಟ್ಟಳು. ಅತ್ತೆಯ ಊರಾದ ಕುರುಗೋಡಿನಲ್ಲಿ ಮುದಿ ಡಾಕ್ಟರ್ ಕಾಡಸಿದ್ದಪ್ಪ ಇದ್ದ. ಅವನಿಗೆ ಐವತ್ತು ವರ್ಷದಿಂದ ಗೊತ್ತಿದ್ದದ್ದು ಒಂದೇ ರೋಗ, ಗ್ಯಾಸು. ಅದಕ್ಕೇ ಒಂದು ಸೂಜಿ ಚುಚ್ಚಿ ಕಳಿಸಿದ.

ಕೊನೆಗೆ ಬಳ್ಳಾರಿಯಲ್ಲೇ ದೊಡ್ಡ ಹೆಸರಿನ ಡಾಕ್ಟರ್ ಜಂಬುನಾಥನ ಆಸ್ಪತ್ರೆಗೆ ಹೋದಳು. ಅಲ್ಲಿ ರೋಗಿಯ ಮುಖಕ್ಕಿಂತ ಮೊದಲು ರೋಗಿಯ ರಕ್ತ ಒಳಗೆ ಹೋಗುತ್ತಿತ್ತು. ಥೈರಾಯ್ಡ್ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಮೂರು ಸಲ ಆಯಿತು. ಮೂರು ಸಲವೂ ಡಾಕ್ಟರು ಕಾಗದದಿಂದ ಕಣ್ಣೆತ್ತದೆ ಹೇಳಿದ: "ನಾರ್ಮಲ್. ನಾರ್ಮಲ್ ಇದ್ದೋರಿಗೆ ನಾನು ಗುಳಿಗಿ ಕೊಡಂಗಿಲ್ಲ."

"ಹಂಗಾರ ನನಗ ಯಾಕ ಹಿಂಗ ಆಗೈತ್ರಿ ಸರ್?"

"ಟೆನ್ಷನ್ ಮಾಡ್ಕೋಬ್ಯಾಡಮ್ಮ. ವಾಕಿಂಗ್ ಮಾಡು."

ಬೆಳಗಿನಿಂದ ಸಂಜೆಯವರೆಗೆ ನಿಂತ ಕಾಲ ಮೇಲೇ ಇರುವವಳಿಗೆ ವಾಕಿಂಗ್!

ಮನೆಯಲ್ಲಿ ರಫೀಕ್ ಆ ರಿಪೋರ್ಟನ್ನು ಎರಡು ಕೈಯಲ್ಲಿ ಹಿಡಿದು ಓದಿದ. ಅದಿರಿನ ಲಾರಿ ತೂಗುವ ಕಾಟಾದಲ್ಲಿ ಚೀಟಿ ಹರಿದುಕೊಡುವುದು ಅವನ ಕೆಲಸ. ಅಚ್ಚಾದದ್ದೆಲ್ಲ ಅವನಿಗೆ ಸತ್ಯ. "ನಾರ್ಮಲ್ ಅಂತ ಬಂದ ಮ್ಯಾಲ ಮುಗೀತು. ಏನೂ ಆಗಿಲ್ಲ ನಿನಗ, ಮೈಗಳ್ಳತನ. ಏಳು, ಅಡಿಗಿ ಮಾಡು."

"ಅದಿರು ಹೆಚ್ಚಾಗಿ ಟೈರು ನೆಲಕ್ಕ ಹತ್ತಿದ ಲಾರಿಗೂ ನಿನ್ನ ಕಾಟಾದಾಗ ಚೀಟಿ ನಾರ್ಮಲ್ಲೇ ಬರ್ತೈತಲ್ಲ! ಅದನ್ನೂ ಹಿಂಗ ನಂಬ್ತಿಯೇನು?" ಎಂದಳು ಸುಲ್ತಾನಾ.

ರಫೀಕ್ ರಿಪೋರ್ಟನ್ನು ಚೀಟಿಯಂತೆ ಮಡಚಿ ಕಿಸೆಗೆ ಹಾಕಿಕೊಂಡ, ಅದರ ಮೇಲಿನ ನಂಬಿಕೆ ಮಾತ್ರ ಬಿಡಲಿಲ್ಲ. ಅವಳು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತಳು. ರೋಗದ ನೋವನ್ನು ಹೇಗೋ ನುಂಗಬಹುದಿತ್ತು. ಸುಳ್ಳಿ ಅನ್ನಿಸಿಕೊಂಡದ್ದನ್ನು ನುಂಗಲು ಆಗಲಿಲ್ಲ.

ಹೀಗಿರುವಾಗ ಒಂದು ದಿನ ಡಾಕ್ಟರ್ ಜಂಬುನಾಥನ ಹೆಂಡತಿ, ಹಳೆಯ ಗಿರಾಕಿ ಗಂಗೋತ್ರಿ ಪಾರ್ಲರಿಗೆ ಬಂದಳು. ಸಂಜೆ ಯಾರೋ ಗಣಿ ಧಣಿಯ ಮನೆಯ ಗೃಹಪ್ರವೇಶ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು, ಬಾಯಿ ಮಾತ್ರ ಮುಚ್ಚಲಿಲ್ಲ. ಹಲ್ಲಲ್ಲಿ ದಾರವಿದ್ದ ಸುಲ್ತಾನಾ ಹೂಂ ಅನ್ನಲೂ ಆಗದೆ ಕೇಳುತ್ತ ಎಡಹುಬ್ಬು ತೀಡಿ ಮುಗಿಸಿದಳು.

"ನನಗೂ ಭಾಳ ಸುಸ್ತು ಸುಲ್ತಾನಾ. ರಿಪೋರ್ಟ್ ಮಾತ್ರ ನಾರ್ಮಲ್. ಆದ್ರ ನಮ್ಮನಿಯವ್ರು ಭಾಳ ತಿಳಿದೋರು ನೋಡು. ಕಾಗದ ನೋಡಬಾರ್ದು, ಮನಷ್ಯಾರ್ನ ನೋಡಬೇಕು ಅಂದು ಥೈರಾಯ್ಡ್ ಗುಳಿಗಿ ಚಾಲೂ ಮಾಡ್ಯಾರ."

ಸುಲ್ತಾನಾಳ ಹಲ್ಲಿನಿಂದ ದಾರ ಜಾರಿತು. ಮೈಯಲ್ಲಿ ಇಲ್ಲದ ಶಕ್ತಿ ಎಲ್ಲಿಂದಲೋ ನೆತ್ತಿಗೇರಿತು.

"ಏಳ್ರಿ ಮೇಡಂ, ಮುಗೀತು."

ಗಂಗೋತ್ರಿ ಕನ್ನಡಿ ನೋಡಿ ಬೆಚ್ಚಿದಳು. "ಇನ್ನೊಂದು ಬಾಕಿ ಐತಲ್ಲ!"

"ಅದು ನಾರ್ಮಲ್ ಐತ್ರಿ."

"ಏನ್ ನಾರ್ಮಲ್? ಕಂಬಳಿ ಹುಳ ಕುಂತಂಗ ಕಾಣ್ತೈತಿ!"

"ಕಾಣೂದು ಬಿಡ್ರಿ. ನಿಮ್ಮ ವಯಸ್ಸಿನೋರಿಗೆ ಅಷ್ಟು ಕೂದ್ಲ ಇರಬೌದಂತ. ನಾರ್ಮಲ್ ಇದ್ದದ್ದಕ್ಕ ನಾನು ಕೈ ಹಚ್ಚಂಗಿಲ್ಲ. ಟೆನ್ಷನ್ ಮಾಡ್ಕೋಬ್ಯಾಡ್ರಿ. ವಾಕಿಂಗ್ ಮಾಡ್ರಿ."

ಕೊನೆಯ ಮಾತು ಗಂಗೋತ್ರಿಗೆ ನಾಟಿತು. ಊಟದ ಮೇಜಿನಲ್ಲಿ ದಿನಾ ಕೇಳುವ ಗಂಡನ ಮಾತು ಅವಳಿಗೆ ಗೊತ್ತಾಗದೇ ಇರುತ್ತದೆಯೇ? ವರ್ಷಗಟ್ಟಲೆ ಮುಖ ಕೊಟ್ಟು ಕೂತಿದ್ದವಳು ಅಂದು ಮೊದಲ ಸಲ ಸುಲ್ತಾನಾಳ ಮುಖ ನೋಡಿದಳು.

"ನಿನಗೂ ಅವ್ರೇ ಹೇಳಿದ್ರೇನು?"

ಸುಲ್ತಾನಾ ಎಲ್ಲ ಹೇಳಿದಳು. ಕೇಳಿ ಗಂಗೋತ್ರಿ ಪರ್ಸು ಎತ್ತಿಕೊಂಡಳು. "ಹುಬ್ಬು ಹಿಂಗ ಇರ್ಲಿ. ನಡಿ, ಕಾರ್ ಹತ್ತು."

ಒಂದು ಹುಬ್ಬು ಬಿಲ್ಲು, ಒಂದು ಹುಬ್ಬು ಪೊದೆಯಾಗಿದ್ದ ಹೆಂಡತಿ ಆಸ್ಪತ್ರೆಯ ಕೋಣೆಯ ಬಾಗಿಲು ತಳ್ಳಿ ಒಳಗೆ ಬಂದು ನಿಂತಾಗ ಡಾಕ್ಟರ್ ಜಂಬುನಾಥನಿಗೆ ಕಾಗದದಿಂದ ಕಣ್ಣೆತ್ತದೆ ಗತಿ ಇರಲಿಲ್ಲ. ಹೆಂಡತಿ ಬೆರಳು ತೋರಿಸಿದತ್ತ ನೋಡಿದ. ಎದ್ದು ಬಂದು ಸುಲ್ತಾನಾಳ ಕೆಳರೆಪ್ಪೆ ಎಳೆದ. ಒಳಗೆ ಸುಣ್ಣದ ಬಿಳುಪು. "ಮುಟ್ಟು ಎಷ್ಟು ದಿನ ಹೋಗ್ತೈತಮ್ಮ?" ಎಂದು ಕೇಳಿದ. ಎರಡು ವರ್ಷದಿಂದ ಹನ್ನೆರಡು, ಹದಿಮೂರು ದಿನ ಎಂದಳು. ಡಾಕ್ಟರೊಬ್ಬ ಅದನ್ನು ಕೇಳಿದ್ದು ಅದೇ ಮೊದಲು. ಕೆಳಗಿನ ಲ್ಯಾಬಿನಿಂದ ಉತ್ತರ ಬಂತು: ಇರಬೇಕಾದ ರಕ್ತದಲ್ಲಿ ಅರ್ಧವೂ ಅವಳ ಮೈಯಲ್ಲಿ ಇಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ ಅಂದರೆ ಇದೇ. ಮೂರು ಸಲ ರಕ್ತ ತೆಗೆದವರು ಅವಳಲ್ಲಿ ರಕ್ತವಿದೆಯೇ ಎಂದು ಒಂದು ಸಲವೂ ನೋಡಿರಲಿಲ್ಲ.

"ಥೈರಾಯ್ಡ್ ಅಲ್ಲಮ್ಮ. ಆ ಗುಳಿಗಿ ನಿನಗ ಬೇಕಾಗಿರಲಿಲ್ಲ, ಅದು ನಾನು ಸರಿಯಾಗೇ ಹೇಳಿದ್ದೆ" ಎಂದ ಡಾಕ್ಟರ್. ಸೋತರೂ ಮೀಸೆ ಮಣ್ಣಾಗಬಾರದಲ್ಲ! ಕಬ್ಬಿಣದ ಗುಳಿಗೆ ಬರೆದ, ಹೆಂಗಸರ ಡಾಕ್ಟರಿಗೆ ಚೀಟಿ ಕೊಟ್ಟ.

ಸುಲ್ತಾನಾಳಿಗೆ ಬೇಕಾಗಿದ್ದುದು ಬೇರೆ. "ನಂದು ಸುಳ್ಳಲ್ಲ ಅಲ್ರಿ ಸರ್?" ಎಂದಳು.

"ಸುಳ್ಳಲ್ಲಮ್ಮ."

"ಇಷ್ಟನ್ನ ನಮ್ಮ ಯಜಮಾನ್ರಿಗೆ ಫೋನ್ ಹಚ್ಚಿ ಹೇಳ್ರಿ" ಎಂದು ಅವಳು ಅಲ್ಲೇ ಅತ್ತುಬಿಟ್ಟಳು. ಡಾಕ್ಟರ್ ಫೋನು ಹಚ್ಚಿ ಹೇಳಿದ. ಫೋನು ಇಟ್ಟ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಯಾವ ಕುಹಕವೂ ಇಲ್ಲದೆ, ತಿಳಿಯದ್ದನ್ನು ಕೇಳುವಂತೆ ಕೇಳಿದಳು: "ಮತ್ತ ನಾರ್ಮಲ್ ಇದ್ದೋರಿಗೆ ಆ ಗುಳಿಗಿ ಬ್ಯಾಡ ಅಂದ್ರ ಮೇಡಮ್ಮಾರಿಗೆ ಯಾಕ ಕೊಟ್ರಿ?"

ಡಾಕ್ಟರ್ ಕನ್ನಡಕ ತೆಗೆದು ಒರೆಸಿದ. "ದಿನಾ ಸುಸ್ತು ಸುಸ್ತು ಅಂತ ಕಿವಿ ತಿಂತಿದ್ಲು. ಸಣ್ಣ ಡೋಸು. ಸುಮ್ನಾದ್ಲು."

ಗಂಗೋತ್ರಿ ಮೇಜು ಬಳಸಿ ಈಚೆ ಬಂದು, ರೋಗಿಗಳ ಸ್ಟೂಲನ್ನು ಎಳೆದುಕೊಂಡು ಸುಲ್ತಾನಾಳ ಪಕ್ಕದಲ್ಲಿ ಕೂತಳು.

"ಈಗ ನನ್ನನ್ನೂ ನೋಡ್ರಿ ಡಾಕ್ಟ್ರೇ" ಎಂದಳು.