ವಿಮಲಾ ಮೇಡಂ ತಿದ್ದಿದ ಚಂದ್ರಿಕೆ

ವಿಮಲಾ ಮೇಡಂ ಕಂಪ್ಯೂಟರ್ ಮುಂದೆ ಕೂರುವ ಮುನ್ನ ಕೈ ತೊಳೆಯುತ್ತಿದ್ದರು. ಚಪ್ಪಲಿ ಬಾಗಿಲಾಚೆ ಬಿಟ್ಟು, ಮೂಲೆಯ ಬಕೆಟ್ಟಿನಿಂದ ಒಂದು ಚೊಂಬು ನೀರು ತೆಗೆದು, ಮೊಣಕೈವರೆಗೆ. ಹುಳುಮನೆಗೆ ಹೋಗುವಾಗಿನ ಅಭ್ಯಾಸ ಅದು. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಅವರ ಮನೆಯವರು ರೇಷ್ಮೆ ಬೆಳೆಯುತ್ತಿದ್ದರು. ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ, ಸೀರೆ ಬದಲಿಸಿ, ಹೈಸ್ಕೂಲಿಗೆ ಬಂದು ನಮಗೆ ಕನ್ನಡ ಪಾಠ ಮಾಡುತ್ತಿದ್ದರು.

ನಾನು ಪೇಟೆಯಲ್ಲಿ ಸೈಬರ್ ಸೆಂಟರ್ ಇಟ್ಟಾಗ ಅವರು ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಶ್ವಕೋಶವೊಂದು ಇಂಟರ್ನೆಟ್ಟಿನಲ್ಲಿದೆ, ಕನ್ನಡದಲ್ಲೂ ಇದೆ ಎಂದು ತೋರಿಸಿದವಳು ನಾನೇ. ಅಂದಿನಿಂದ ದಿನವೂ ಹನ್ನೊಂದಕ್ಕೆ ಬರತೊಡಗಿದರು. ಹೆಚ್ಚು ಮಾತಿಲ್ಲ. ಕಾಗುಣಿತ ತಿದ್ದುವುದು, ಹೋಗುವುದು.

ಒಂದು ದಿನ ‘ಚಂದ್ರಿಕೆ’ ಎಂದು ಟೈಪು ಮಾಡಿದರು. ಪುಟ ತಾನಾಗಿಯೇ ‘ಬೆಳದಿಂಗಳು’ ಲೇಖನಕ್ಕೆ ಹೋಯಿತು.

"ಇದೇನಮ್ಮ ಮಂಜುಳ, ನಾನು ಕೇಳಿದ್ದು ಇದಲ್ಲ."

ಬೆಳೆದು ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ನಮ್ಮ ಕಡೆ ಚಂದ್ರಿಕೆ ಎನ್ನುತ್ತಾರೆ. ಅದರ ಮೇಲೊಂದು ಲೇಖನ ಬರೆದರು. ಚಂದ್ರಿಕೆ ಎಂದು ಹುಡುಕಿದವರು ಅಲ್ಲಿಗೇ ಬರುವಂತೆ ದಾರಿ ತಿರುಗಿಸಿದರು. ಮರುದಿನ ಯಾರೋ ಮತ್ತೆ ಬೆಳದಿಂಗಳಿಗೆ ತಿರುಗಿಸಿದ್ದರು. ಮೇಡಂ ಬದಲಿಸಿದರು, ಅವರೂ ಬದಲಿಸಿದರು. ಮೂರನೆಯ ಸಲ ಒಂದು ಸಂದೇಶವಿತ್ತು: ‘ಹೆಚ್ಚಿನವರು ಹುಡುಕುವುದು ಬೆಳದಿಂಗಳನ್ನೇ. ನಿಮ್ಮದು ಸ್ಥಳೀಯ ಪದ.’

ಮೇಡಂ ಅದನ್ನು ಎರಡು ಸಲ ಓದಿದರು. ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಬಂದು, ಕೈ ತೊಳೆದು, ಪುಟ ತೆರೆದುಕೊಳ್ಳುವುದನ್ನು ಕಾಯುತ್ತಾ ಹೇಳಿದರು.

"ನಮ್ಮನೆಯವರು ಬೆಂಗಳೂರಲ್ಲಿ ಆಸ್ಪತ್ರೇಲಿದ್ರಲ್ಲ. ಮೈದುನ ಫೋನ್ ಮಾಡ್ದ. ‘ಅತ್ತಿಗೆ, ಅಣ್ಣ ಹೊರಟೋದ್ರು’ ಅಂದ. ಅಷ್ಟಕ್ಕೇ ಲೈನ್ ಕಟ್ಟಾಯ್ತು. ಡಿಸ್ಚಾರ್ಜ್ ಮಾಡಿದಾರೆ, ಬರ್ತಿದಾರೆ ಅಂದ್ಕೊಂಡೆ. ಬಸ್ಸಾರು ಮಾಡ್ದೆ. ಹಾಸಿಗೆ ಬಿಸಿಲಿಗೆ ಹಾಕ್ದೆ. ಮೂರು ಗಂಟೆಗೆ ವ್ಯಾನ್ ಬಂತು."

ಅವರು ಪರದೆಯತ್ತ ತಿರುಗಿದರು. ಪುಟ ಬಂದಿತ್ತು.

"ಅವನದೇನು ತಪ್ಪಿಲ್ಲ ಕಣಮ್ಮ, ಎಲ್ರೂ ಹೇಳೋ ಮಾತೇ ಹೇಳ್ದ. ನಾನು ನಂಗೆ ಬೇಕಾದ ಕಡೆ ಹೋದೆ. ಈ ಪುಟಾನೂ ಹಂಗೇ. ನಾನು ಒಂದು ಕಡೆ ಎಳೀತೀನಿ, ಅವರು ಇನ್ನೊಂದು ಕಡೆ."

ಆ ದಿನ ಅವರು ಚಂದ್ರಿಕೆಯನ್ನು ಎತ್ತಲೂ ತಿರುಗಿಸಲಿಲ್ಲ. ಅದನ್ನೇ ಒಂದು ಪುಟವಾಗಿಸಿ ಎರಡು ಸಾಲು ಬರೆದರು: ಬೆಳದಿಂಗಳು ಬೇಕಾದವರಿಗೆ ಒಂದು, ಬಿದಿರಿನ ತಟ್ಟಿ ಬೇಕಾದವರಿಗೆ ಒಂದು. "ಎರಡೂ ಹೇಳ್ಬಿಡಣ. ಬಂದೋರು ನಿಂತು ನೋಡ್ಕೊಂಡು ಹೋಗ್ಲಿ," ಎಂದರು. ಆಮೇಲೆ ಎಲ್ಲೆಲ್ಲಿಂದ ಆ ಪದಕ್ಕೆ ಕೊಂಡಿಗಳಿದ್ದವೋ ಆ ಲೇಖನಗಳನ್ನೆಲ್ಲ ಒಂದೊಂದಾಗಿ ಓದಿ, ಯಾವುದು ಯಾವುದಕ್ಕೆ ಸೇರಬೇಕೆಂದು ಸರಿಪಡಿಸಿದರು. ಎರಡು ವಾರ ಹಿಡಿಯಿತು. ಈ ಸಲ ಯಾರೂ ಬದಲಿಸಲಿಲ್ಲ. ಅವರು ಖುಷಿಪಟ್ಟಂತೆಯೂ ಕಾಣಲಿಲ್ಲ. ಮರುದಿನ ಹನ್ನೊಂದಕ್ಕೆ ಬಂದು ‘ಗೂಡು’ ಎಂದು ಟೈಪು ಮಾಡಿದರು.

ಎರಡು ವರ್ಷದ ನಂತರ ಮೇಡಂಗೆ ಪಾರ್ಶ್ವವಾಯು ಹೊಡೆಯಿತು. ಅವರ ತಂಗಿ ಗೌರಿಬಿದನೂರಿನ ತಮ್ಮ ಮನೆಗೆ ಕರೆದೊಯ್ದರು. ನಾನು ಒಮ್ಮೆ ನೋಡಲು ಹೋದೆ. ಜಗುಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು.

"ಮೇಡಂ, ನಾನು ಮಂಜುಳ."

"ಯಾವ ಮಂಜುಳ?"

"ಶಿಡ್ಲಘಟ್ಟದ ಮಂಜುಳ, ಮೇಡಂ. ನಿಮ್ಮ ಸ್ಟೂಡೆಂಟು."

"ಶಿಡ್ಲಘಟ್ಟದಲ್ಲಿ ನಂಗೆ ಬೇಕಾದಷ್ಟು ಜನ ಮಂಜುಳ ಇದ್ರಮ್ಮ," ಎಂದರು, ತುಂಬ ಮರ್ಯಾದೆಯಿಂದ.

ಸೈಬರ್ ಸೆಂಟರ್ ಎಂದೆ. ಅಪ್ಪನ ಹೆಸರು ಹೇಳಿದೆ. ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸಿದರು, ಗುರುತು ಮಾತ್ರ ಹತ್ತಲಿಲ್ಲ. ಅವರ ತಂಗಿ ಊಟಕ್ಕೆ ಕರೆದರು. ಉಂಡೆ. ನಾಲ್ಕರ ಬಸ್ಸಿಗೆ ಹತ್ತಿ ಕೂತೆ. ಚಿಕ್ಕಬಳ್ಳಾಪುರ ಬರುವವರೆಗೆ ಟಿಕೆಟ್ ಬ್ಯಾಗಿಗೆ ಹಾಕುವುದು ಮರೆತು ಕೈಯಲ್ಲೇ ಹಿಡಿದಿದ್ದೆ.